ಹಳ್ಳಿಗೆ ಬಂದ ಅತಿಥಿಯ ಹೊಣೆ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಕೃಷ್ಣಾ ತೀರದ ಒಂದು ಊರು. ಬೇಸಿಗೆಯಲ್ಲಿ ಬತ್ತಿಹೋಗುತ್ತಿದ್ದ ಹೊಳೆಗೆ ಒಡ್ಡು ಹಾಕಬೇಕೆಂಬುದು ಈ ಭಾಗದ ರೈತರ ಬಹುದಿನಗಳ ಬೇಡಿಕೆಯಾಗಿತ್ತು. ಸರ್ಕಾರದ ದಾರಿ ಕಾಯುವುದನ್ನು ಬಿಟ್ಟು ಅವರು ತಾವೇ ವಂತಿಗೆ ಹಾಕಿ, ಬೆವರು ಸುರಿಸಿ, 1989ರಲ್ಲಿ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಅರ್ಥಪೂರ್ಣ ಹೆಸರೂ ಬಂತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಪ್ರಸಿದ್ಧರಾಗಿ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯನ್ನೇ ಸೋಲಿಸಿದ್ದು ಈಗ ಇತಿಹಾಸ.

ಇಂಥ ಊರಿಗೆ ದೂರದೇಶದಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬ ‘ಗ್ರಾಮೀಣ ಬಡತನ’ದ ಅಧ್ಯಯನಕ್ಕೆಂದು ಬಂದನೆನ್ನಿ. ಮಣ್ಣಿನ ಗೋಡೆ, ತಗಡಿನ ಚಾವಣಿ, ಬರಿಗಾಲ ಮಕ್ಕಳು ಅವನ ಕಣ್ಣಿಗೆ ಬೀಳುತ್ತವೆ, ಕ್ಯಾಮೆರಾ ಹೊರಬರುತ್ತದೆ. ಹೊಳೆಯ ಮೇಲಿನ ಒಡ್ಡನ್ನು ಅವನು ನೋಡಿಯಾನು. ಆದರೆ ಕಟ್ಟಿದವರು ಯಾರೆಂದು ಕೇಳದಿದ್ದರೆ ಅದು ಅವನಿಗೆ ಕಂಡಂತಲ್ಲ. ಬಡವರಲ್ಲಿಗೆ ಹೋಗುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಇಲ್ಲದ್ದನ್ನು ಎಣಿಸುವ ಭರದಲ್ಲಿ ಇರುವುದನ್ನು ಅವರು ಮರೆಯುತ್ತಾರೆ.

ಹಳೆಯ ಅಭ್ಯಾಸ

ಉಳ್ಳವರು ಇಲ್ಲದವರ ಕೇರಿಯನ್ನು ನೋಡಹೋಗುವುದು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಸಿರಿವಂತರು ಪೂರ್ವ ಭಾಗದ ಕೊಳೆಗೇರಿಗಳಿಗೆ ಕುತೂಹಲಕ್ಕಾಗಿ ಹೋಗಿಬರುವುದೊಂದು ಷೋಕಿಯೇ ಆಗಿತ್ತು. ಅದೇ ಕಾಲದಲ್ಲಿ, 1884ರಲ್ಲಿ, ಅಲ್ಲಿನ ವೈಟ್‌ಚಾಪೆಲ್‌ನಲ್ಲಿ ಟಾಯ್ನ್‌ಬೀ ಹಾಲ್ ಆರಂಭವಾಯಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದಿದ ತರುಣರು ಬಡವರ ನೆರೆಯಲ್ಲಿಯೇ ವಾಸವಿದ್ದು ಕಲಿಯಬೇಕೆಂಬುದು ಅದರ ಉದ್ದೇಶ. ನೋಡಿ ಹೋಗುವುದಕ್ಕೂ ಇದ್ದು ತಿಳಿಯುವುದಕ್ಕೂ ಇರುವ ಅಂತರ ಅಂದೇ ಸ್ಪಷ್ಟವಾಗಿತ್ತು.

ಸದುದ್ದೇಶವಿದ್ದರೆ ಸಾಲದೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಅತ್ಯಂತ ಖಾರವಾದ ಉತ್ತರ ಕೊಟ್ಟವನು ಚಿಂತಕ ಇವಾನ್ ಇಲಿಚ್. 1968ರ ಏಪ್ರಿಲ್‌ನಲ್ಲಿ, ಮೆಕ್ಸಿಕೋದ ಹಳ್ಳಿಗಳಲ್ಲಿ ಸೇವೆ ಮಾಡಲು ಹೊರಟ ಅಮೆರಿಕದ ವಿದ್ಯಾರ್ಥಿಗಳ ಸಭೆಗೆ ಅವನನ್ನು ಕರೆದಿದ್ದರು. ಅವನು ಅವರನ್ನು ಹೊಗಳಲಿಲ್ಲ. ಭಾಷೆ ಬಾರದ, ಕಸುಬು ತಿಳಿಯದ ನಿಮ್ಮಿಂದ ಆ ಜನರಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ಸಾರ. ಮಾತು ಕಟುವಾದರೂ ಅದರಲ್ಲಿ ತಥ್ಯವಿದೆ. ಗೋಡೆ ಕಟ್ಟಲು ಬಾರದವನು ಬಂದು ಶಾಲೆಯ ಗೋಡೆ ಕಟ್ಟಿದರೆ, ಊರಿನ ಗೌಂಡಿಗೆ ಒಂದು ದಿನದ ಕೂಲಿ ತಪ್ಪುತ್ತದೆ.

ರಾಂಪುರದ ಅತಿಥಿ

ಕರ್ನಾಟಕದಲ್ಲಿ ಈ ವಿಷಯಕ್ಕೆ ಸೊಗಸಾದ ಉದಾಹರಣೆಗಳಿವೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಮಾನವಶಾಸ್ತ್ರ ಓದಿದರು. ಅಲ್ಲಿ ಅಧ್ಯಾಪಕ ಹುದ್ದೆ ದೊರೆತಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯುವ ಅವಕಾಶವೂ ದೊರೆಯಿತು. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಊರ ಗೌಡರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ಬರೆಯುವಾಗ ಆ ಊರಿಗೆ ‘ರಾಂಪುರ’ ಎಂದು ಬೇರೆ ಹೆಸರಿಟ್ಟರು. ಊರಿನವರ ಮಾನಕ್ಕೆ ಕುಂದು ಬರಬಾರದೆಂದು ಹೀಗೆ ಹೆಸರು ಮರೆಸುವುದು ಈ ಶಾಸ್ತ್ರದ ಒಂದು ಮರ್ಯಾದೆ.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟವು. ನೆನಪನ್ನೇ ನೆಚ್ಚಿಕೊಂಡು ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಅದರಲ್ಲಿ ಗಮನಿಸಬೇಕಾದ ಒಂದು ಪ್ರಾಮಾಣಿಕತೆಯಿದೆ. ಮೇಲುಜಾತಿಯವರಾಗಿ, ಗೌಡರ ಆಶ್ರಯದಲ್ಲಿದ್ದ ತಮಗೆ ಊರು ಒಂದು ಮಗ್ಗುಲಿನಿಂದ ಕಂಡಿತೆಂದೂ, ಹರಿಜನರ ಮತ್ತು ಮುಸಲ್ಮಾನರ ನಡುವೆ ಹೆಚ್ಚು ಕಾಲ ಕಳೆದಿದ್ದರೆ ಬೇರೆಯೇ ನೋಟ ದೊರೆಯುತ್ತಿತ್ತೆಂದೂ ಅವರು ಒಪ್ಪಿಕೊಂಡಿದ್ದಾರೆ. ಭಾಷೆ ಬಲ್ಲವರಿಗೆ, ತಿಂಗಳುಗಟ್ಟಲೆ ಇದ್ದವರಿಗೆ ಈ ಮಿತಿಯಾದರೆ, ಒಂದು ಮಧ್ಯಾಹ್ನ ಬಂದು ಹೋಗುವವರ ಪಾಡೇನು?

ಇನ್ನೊಬ್ಬರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ ಈ ವಿದುಷಿ 1954ರಿಂದ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಅವರು ಇಟ್ಟ ಹೆಸರು ‘ವಂಗಲ’ ಮತ್ತು ‘ದಲೇನ’. ಮೊದಲನೆಯದಕ್ಕೆ ನಾಲೆಯ ನೀರು ಬಂದಿತ್ತು, ಎರಡನೆಯದು ಒಣಭೂಮಿಯಾಗಿಯೇ ಉಳಿದಿತ್ತು. ಒಂದು ದಿನದ ಪ್ರವಾಸಿಯಾಗಿದ್ದರೆ ನೀರಿಲ್ಲದ ಊರು ಹಿಂದುಳಿದದ್ದೆಂದು ಬರೆದು ಹೋಗುತ್ತಿದ್ದರು. ಇದ್ದು ನೋಡಿದ್ದರಿಂದ ಬೇರೆ ಸಂಗತಿ ತಿಳಿಯಿತು: ನೀರು ಬಂದ ಊರು ಬೇಸಾಯದಲ್ಲೇ ನೆಲೆನಿಂತು ಹಳೆಯ ಕಟ್ಟಳೆಗಳನ್ನು ಉಳಿಸಿಕೊಂಡರೆ, ನೀರು ಬಾರದ ಊರಿನವರು ಪೇಟೆಯ ಕೆಲಸ, ವ್ಯಾಪಾರಗಳತ್ತ ತಿರುಗಿ ಹೆಚ್ಚು ಬದಲಾಗಿದ್ದರು. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದರು. ಹೋದಲ್ಲಿಗೆ ಮರಳಿ ಬರುವುದೂ ಗೌರವದ ಒಂದು ರೀತಿ.

ಇಲ್ಲವೆನ್ನಲಾರದ ಮನೆ

ಇಂದು ಹೊರದೇಶಗಳ ವಿಶ್ವವಿದ್ಯಾನಿಲಯಗಳು ಜನರ ನಡುವೆ ಸಂಶೋಧನೆ ಮಾಡುವವರಿಗೆ ನೈತಿಕ ಸಮಿತಿಯ ಒಪ್ಪಿಗೆಯನ್ನು ಕಡ್ಡಾಯ ಮಾಡಿವೆ. ಅಮೆರಿಕದ 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟಿತು. ಕೇಳದೆ ಯಾರನ್ನೂ ಅಧ್ಯಯನದ ವಸ್ತುವಾಗಿಸಬಾರದು ಎಂಬುದು ಮೊದಲ ತತ್ತ್ವದಿಂದ ಬಂದ ನಿಯಮ. ನಿಯಮ ಒಳ್ಳೆಯದೇ. ಆದರೆ ಉತ್ತರ ಕರ್ನಾಟಕದ ಹಳ್ಳಿಮನೆಯ ಪಡಸಾಲೆಯಲ್ಲಿ ಅದು ಅಷ್ಟು ಸರಳವಲ್ಲ.

ಇಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಚಹಾ, ಹೊತ್ತಾಗಿದ್ದರೆ ರೊಟ್ಟಿ. ‘ಬರ್ರಿ, ಕೂಡ್ರಿ’ ಎಂದು ಕರೆದ ಮೇಲೆ ಬಂದವರು ಕೇಳಿದ್ದಕ್ಕೆ ‘ಇಲ್ಲ’ ಎನ್ನುವುದು ಮನೆತನಕ್ಕೆ ಶೋಭೆಯಲ್ಲ. ‘ನಿಮ್ಮ ಫೋಟೋ ತೆಗೆಯಬಹುದೇ?’ ಎಂದರೆ ಬರುವ ‘ಹೂಂ’ ಒಪ್ಪಿಗೆಯೋ, ದಾಕ್ಷಿಣ್ಯವೋ? ಇನ್ನು ಕಾಗದದ ಮೇಲೆ ಹೆಬ್ಬೆಟ್ಟು ಕೇಳಿದರೆ, ಸಾಲದ ಪತ್ರ, ಜಮೀನಿನ ಪತ್ರಗಳಿಂದ ಪೆಟ್ಟು ತಿಂದ ಮನೆಯವರಿಗೆ ಅದು ರಕ್ಷಣೆಯಾಗಿ ಕಾಣದೆ ಭಯವಾಗಿಯೇ ಕಂಡೀತು. ಆದ್ದರಿಂದ ಅತಿಥೇಯ ಹೇಳಲಾರದ ‘ಬೇಡ’ವನ್ನು ಅತಿಥಿಯೇ ತಿಳಿದು ಹೇಳಿಕೊಳ್ಳಬೇಕು. ಈ ಹೊಣೆಯನ್ನು ಯಾವ ಸಮಿತಿಯೂ ಅವನ ಪರವಾಗಿ ಹೊರಲಾರದು.

ಹೊಣೆ ಮರೆತಾಗ ಏನಾಗುತ್ತದೆಂಬುದಕ್ಕೆ ಈ ಗಡಿಸೀಮೆಯಲ್ಲೇ ನಿದರ್ಶನವಿದೆ. ದೇವದಾಸಿ ಪದ್ಧತಿಯ ಕುರಿತು 2010ರಲ್ಲಿ ವಿದೇಶಿ ಮಾಧ್ಯಮ ಸಂಸ್ಥೆಯೊಂದು ಚಿತ್ರ ಮಾಡಿತು. ಅದರಲ್ಲಿ ಕಾಣಿಸಿಕೊಂಡ ಸಾಂಗ್ಲಿಯ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ನ ಮಹಿಳೆಯರು, ತಮ್ಮ ಬದುಕನ್ನು ತಿರುಚಿ ತೋರಿಸಲಾಗಿದೆ ಎಂದು ಪ್ರತಿಭಟಿಸಿ ತಾವೇ ಕ್ಯಾಮೆರಾ ಮುಂದೆ ಕುಳಿತು ಉತ್ತರದ ಚಿತ್ರ ಮಾಡಿದರು. ಬಡವರು ಎಂದೆಂದಿಗೂ ಮಾತಿಲ್ಲದ ಚಿತ್ರಗಳಾಗಿ ಉಳಿಯುವುದಿಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

ಈ ಮಾತುಗಳು ಬಿಳಿಯ ವಿದ್ಯಾರ್ಥಿಗಳಿಗಷ್ಟೇ ಅನ್ವಯಿಸುವುದಿಲ್ಲ. ರಜೆಗೆ ಅಜ್ಜನ ಊರಿಗೆ ಬರುವ ಅನಿವಾಸಿ ಕನ್ನಡಿಗರ ಮಕ್ಕಳು, ಬೆಂಗಳೂರಿನ ಕಾಲೇಜಿನಿಂದ ಶಿಬಿರಕ್ಕೆ ಬರುವವರು, 2019ರಂಥ ಮಹಾಪೂರದ ಸಮಯದಲ್ಲಿ ನೆರವು ಹೊತ್ತು ಬರುವವರು, ಎಲ್ಲರೂ ಇಲ್ಲಿ ಅತಿಥಿಗಳೇ. ಕೊಡುವ ಕೈಯ ಜೊತೆ ಪಡೆಯುವವರ ಮುಖವನ್ನೂ ಫೋಟೋದಲ್ಲಿ ಸೆರೆಹಿಡಿದರೆ, ದಾನಕ್ಕೆ ಪ್ರತಿಯಾಗಿ ಮಾನವನ್ನು ಪಡೆದಂತಾಗುತ್ತದೆ.

ಹಾಗಾದರೆ ಹೋಗಲೇಬಾರದೆ? ಖಂಡಿತ ಹೋಗಬೇಕು. ಊರ ಹಿರಿಯರಿಗೆ ಮೊದಲೇ ತಿಳಿಸಿ, ನಾಲ್ಕು ಮಾತು ಕನ್ನಡ ಕಲಿತು ಹೋಗಬೇಕು. ಕೇಳಿದಷ್ಟೇ ಪ್ರಶ್ನೆಗಳಿಗೆ ತಾನೂ ಉತ್ತರ ಕೊಡಲು ಸಿದ್ಧನಿರಬೇಕು: ನಿಮ್ಮ ತಂದೆಗೆ ಎಷ್ಟು ಹೊಲವಿದೆ, ನಿಮ್ಮ ಓದಿಗೆ ಎಷ್ಟು ಖರ್ಚಾಯಿತು ಎಂದು ಅವರೂ ಕೇಳಿಯಾರು. ಕೂಲಿ ಬಿಟ್ಟು ಮಾತನಾಡಿದವರ ಹೊತ್ತಿಗೆ ಬೆಲೆಯಿದೆಯೆಂದು ಅರಿಯಬೇಕು. ಬರೆದದ್ದನ್ನು ಊರಿಗೆ ತಂದು, ಅವರ ಭಾಷೆಯಲ್ಲಿ ಓದಿ ಹೇಳಬೇಕು.

ಚಿಕ್ಕಪಡಸಲಗಿಗೆ ಬರುವ ವಿದ್ಯಾರ್ಥಿ ಹೊಳೆಯ ದಂಡೆಗೆ ಹೋಗಿ, ಆ ಒಡ್ಡು ಕಟ್ಟಿದವರನ್ನು ಹುಡುಕಿ, ಅವರ ಪಕ್ಕದಲ್ಲಿ ಕುಳಿತು ಅದನ್ನು ಹೇಗೆ ಕಟ್ಟಿದಿರೆಂದು ಕೇಳಲಿ. ಅಂಥವನಿಗೆ ಕಲಿಸಲು ಅವರ ಬಳಿ ಬೇಕಾದಷ್ಟಿದೆ.