ಬಸದಿ, ಸಂಘಗಳ ಜಾಲತಾಣ: ಹೆಸರೊಂದು ಕಡೆ, ಕಡತವೊಂದು ಕಡೆ ಇರಲಿ

ಇಂದು ಅನೇಕ ಬಸದಿಗಳು, ಟ್ರಸ್ಟ್‌ಗಳು, ಜೈನ ಸಂಘಗಳು ತಮ್ಮದೇ ಜಾಲತಾಣ ಹೊಂದಿವೆ. ಪಂಚಕಲ್ಯಾಣದ ಆಮಂತ್ರಣ, ಪೂಜಾ ಸೇವೆಗಳ ವಿವರ, ಕ್ಷೇತ್ರದ ಇತಿಹಾಸ, ಶಾಸನಗಳ ಚಿತ್ರ, ಕಾಣಿಕೆ ಸಲ್ಲಿಸಬೇಕಾದ ಬ್ಯಾಂಕ್ ಖಾತೆ ಎಲ್ಲವೂ ಅಲ್ಲಿರುತ್ತವೆ. ಆದರೆ ಜಾಲತಾಣ ಮಾಡಿಸುವಾಗ ಬಹುತೇಕ ಸಮಿತಿಗಳು ಕಂಪ್ಯೂಟರ್ ಬಲ್ಲ ಒಬ್ಬರಿಗೆ ಹಣ ಕೊಟ್ಟು "ಎಲ್ಲವನ್ನೂ ನೀವೇ ನೋಡಿಕೊಳ್ಳಿ" ಎಂದುಬಿಡುತ್ತವೆ. ಕೆಲವು ವರ್ಷಗಳ ನಂತರ ಅವರು ಊರು ಬಿಟ್ಟರೆ ಅಥವಾ ವ್ಯವಹಾರ ನಿಲ್ಲಿಸಿದರೆ, ಬಸದಿಯ ಹೆಸರು ಬಸದಿಯ ಕೈಯಲ್ಲಿಲ್ಲ ಎಂಬುದು ಆಗ ತಿಳಿಯುತ್ತದೆ.

ಎರಡೂ ಬೇರೆ ಬೇರೆ

ಡೊಮೈನ್ ಎಂದರೆ ಜಾಲತಾಣದ ಹೆಸರು, ಅಂದರೆ ವಿಳಾಸ. ಇದನ್ನು ರಿಜಿಸ್ಟ್ರಾರ್ ಎಂಬ ಸಂಸ್ಥೆಯ ಮೂಲಕ ವರ್ಷದ ಲೆಕ್ಕದಲ್ಲಿ ನೋಂದಾಯಿಸಬೇಕು. 'ಡಾಟ್ ಕಾಂ', 'ಡಾಟ್ ಆರ್ಗ್' ಮುಂತಾದ ಹೆಸರುಗಳಿಗೆ ಐಕ್ಯಾನ್ ಸಂಸ್ಥೆಯ ನಿಯಮಗಳು ಅನ್ವಯಿಸುತ್ತವೆ. 'ಡಾಟ್ ಇನ್' ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ.

ಹೋಸ್ಟಿಂಗ್ ಎಂದರೆ ಜಾಲತಾಣದ ಪುಟಗಳು, ಚಿತ್ರಗಳು ಇರುವ ಬಾಡಿಗೆ ಜಾಗ. ಹೆಸರನ್ನೂ ಜಾಗವನ್ನೂ ಜೋಡಿಸುವುದು ನೇಮ್‌ಸರ್ವರ್ ಎಂಬ ವ್ಯವಸ್ಥೆ. ಬಾಡಿಗೆ ಮನೆ ಬದಲಿಸಿದರೂ ನಮ್ಮ ಹೆಸರು ನಮ್ಮದೇ ಅಲ್ಲವೇ? ಹಾಗೆಯೇ ಹೋಸ್ಟಿಂಗ್ ಎಷ್ಟು ಬಾರಿ ಬದಲಾದರೂ ಡೊಮೈನ್ ಅದೇ ಇರಬಹುದು.

ಒಂದೇ ಕಡೆ ಇದ್ದರೆ ಏನು ತೊಂದರೆ?

ಒಂದೇ ಸಂಸ್ಥೆಯಲ್ಲಿ ಎರಡನ್ನೂ ಪಡೆದರೆ ಬಿಲ್ ಒಂದೇ, ಕೆಲಸ ಸುಲಭ. ಆದರೆ ಆ ಸಂಸ್ಥೆ ಮುಚ್ಚಿದರೆ, ಖಾತೆ ಸ್ಥಗಿತಗೊಂಡರೆ ಅಥವಾ ಬಾಕಿ ಹಣದ ಜಗಳವಾದರೆ ಹೆಸರು, ಪುಟ ಎರಡೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಹೆಸರು ಬೇರೆ ಕಡೆ ನಮ್ಮ ಕೈಯಲ್ಲಿದ್ದರೆ, ಉಳಿಸಿಕೊಂಡ ಪ್ರತಿಯನ್ನು ಹೊಸ ಹೋಸ್ಟಿಂಗ್‌ನಲ್ಲಿ ಹಾಕಿ ಅದೇ ವಿಳಾಸವನ್ನು ಅಲ್ಲಿಗೆ ತಿರುಗಿಸಬಹುದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಎಲ್ಲರಿಗೂ ಜಾಲತಾಣ ಮತ್ತೆ ಕಾಣುತ್ತದೆ.

ಅವಧಿ ಮುಗಿದರೆ

ನವೀಕರಿಸದ ಹೆಸರು ಕೂಡಲೇ ಬೇರೆಯವರ ಪಾಲಾಗುವುದಿಲ್ಲ. 'ಡಾಟ್ ಕಾಂ' ಹೆಸರಾದರೆ ರಿಜಿಸ್ಟ್ರಾರ್ ಕೊಡುವ ಕಾಲಾವಕಾಶ ಮುಗಿದು ಹೆಸರು ರದ್ದಾದ ಮೇಲೂ 30 ದಿನ ಹೆಚ್ಚಿನ ಶುಲ್ಕ ಕೊಟ್ಟು ಮರಳಿ ಪಡೆಯಬಹುದು. ಅನಂತರ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಕೆಲವು ರಿಜಿಸ್ಟ್ರಾರ್‌ಗಳು ಅದಕ್ಕೂ ಮೊದಲೇ ಹರಾಜಿಗೆ ಇಡುವುದುಂಟು. ಹಳೆಯ ಆಮಂತ್ರಣದಲ್ಲಿ, ಪುಸ್ತಕದಲ್ಲಿ ಅಚ್ಚಾದ ವಿಳಾಸವನ್ನು ನಂಬಿ ಬಂದ ಶ್ರಾವಕರಿಗೆ ಅಲ್ಲಿ ಜೂಜಿನ ಜಾಹೀರಾತು ಅಥವಾ ಬೇರೆ ಯಾರದೋ ಖಾತೆಯ ಸಂಖ್ಯೆ ಕಂಡರೆ ಆಗುವ ಹಾನಿ ದೊಡ್ಡದು.

ಡೊಮೈನನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಶ್ರವಣಬೆಳಗೊಳದಲ್ಲಿ ಒಂದು ಮಹಾಮಸ್ತಕಾಭಿಷೇಕದಿಂದ ಮತ್ತೊಂದಕ್ಕೆ ಇರುವ 12 ವರ್ಷದ ಅಂತರಕ್ಕೂ ಅದು ಸಾಲದು. ಆದ್ದರಿಂದ ಒಮ್ಮೆ ಹಣ ಕಟ್ಟಿ ಮರೆತುಬಿಡುವಂತಿಲ್ಲ.

ಬೇರ್ಪಡಿಸುವುದು ಹೇಗೆ?

1. ಮೊದಲು ಜಾಲತಾಣದ ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳಿ. ಡಿಎನ್‌ಎಸ್ ದಾಖಲೆಗಳನ್ನೂ ಬರೆದಿಟ್ಟುಕೊಳ್ಳಿ. ಇಮೇಲ್‌ಗೆ ಸಂಬಂಧಿಸಿದ ಎಂಎಕ್ಸ್ ದಾಖಲೆ ಬಿಟ್ಟುಹೋದರೆ ಪತ್ರಗಳು ಬರುವುದು ನಿಲ್ಲುತ್ತದೆ.

2. ಟ್ರಸ್ಟ್ ಹೆಸರಿನಲ್ಲಿ ಹೊಸ ರಿಜಿಸ್ಟ್ರಾರ್ ಬಳಿ ಖಾತೆ ತೆರೆಯಿರಿ. ಹಳೆಯ ಕಡೆ ಡೊಮೈನ್‌ನ ಲಾಕ್ ತೆಗೆಸಿ, ವರ್ಗಾವಣೆಯ ಕೋಡ್ ಕೇಳಿ. 'ಡಾಟ್ ಕಾಂ' ಮುಂತಾದ ಹೆಸರುಗಳಿಗೆ ಕೇಳಿದ 5 ದಿನಗಳೊಳಗೆ ಕೋಡ್ ಕೊಡಬೇಕೆಂಬುದು ಐಕ್ಯಾನ್ ನಿಯಮ.

3. ಅವಧಿ ಮುಗಿಯುವ ಹೊತ್ತಿಗೆ ಇದಕ್ಕೆ ಕೈ ಹಾಕಬೇಡಿ. ಎರಡು ತಿಂಗಳಾದರೂ ಮೊದಲು ಮಾಡಿ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಸಾಮಾನ್ಯವಾಗಿ ಮೊದಲ 60 ದಿನ ವರ್ಗಾಯಿಸಲಾಗದು.

4. ಹೆಸರಿನ ವರ್ಗಾವಣೆ, ಹೋಸ್ಟಿಂಗ್ ಬದಲಾವಣೆ ಎರಡನ್ನೂ ಒಂದೇ ದಿನ ಮಾಡಬೇಡಿ. ಹೊಸದು ಸರಿಯಾಗಿ ನಡೆಯುವುದನ್ನು ನೋಡಿದ ಮೇಲೆಯೇ ಹಳೆಯ ಹೋಸ್ಟಿಂಗ್ ನಿಲ್ಲಿಸಿ.

ಸಮಿತಿಯ ಹೊಣೆ

ಎರಡನ್ನೂ ಬೇರ್ಪಡಿಸಿದರೂ ಹೆಸರು ಒಬ್ಬ ವ್ಯಕ್ತಿಯ ಖಾತೆಯಲ್ಲೇ ಉಳಿದರೆ ಪ್ರಯೋಜನವಿಲ್ಲ. ನೋಂದಣಿ ಟ್ರಸ್ಟಿನ ಹೆಸರಲ್ಲಿರಲಿ. ನವೀಕರಣದ ಸೂಚನೆ ಬರುವ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಹೆಸರು ನಿಂತರೆ ಆ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಓಟಿಪಿ ಹೋಗುವ ಮೊಬೈಲ್ ಯಾರದೆಂದು ಬರೆದಿಡಿ.

ಹೊಸ ಸಮಿತಿ ಅಧಿಕಾರ ವಹಿಸಿಕೊಳ್ಳುವಾಗ ಭಂಡಾರದ ಬೀಗದ ಕೈ, ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಹಸ್ತಾಂತರವಾಗುತ್ತವೆ. ಆ ಪಟ್ಟಿಗೆ ಡೊಮೈನ್ ಖಾತೆಯನ್ನೂ, ಅದರ ಮುಕ್ತಾಯದ ದಿನಾಂಕವನ್ನೂ ಸೇರಿಸಿ. ನಿಮ್ಮ ಊರಿನ ಬಸದಿಗೆ ಜಾಲತಾಣವಿದ್ದರೆ, ಮುಂದಿನ ಸಭೆಯಲ್ಲಿ ಇದೊಂದು ಪ್ರಶ್ನೆ ಕೇಳಿ: ನಮ್ಮ ಬಸದಿಯ ಹೆಸರು ಈಗ ಯಾರ ಖಾತೆಯಲ್ಲಿದೆ?