ಐದು ಅಕ್ಷರ, ಆರು ರಸ: ಪದ ಹುಡುಕುವ ಆಟವೂ ಸ್ಮೃತಿಯೂ

ಆದಿತ್ಯನಗರದಲ್ಲಿ ನೆಲೆಸಿರುವ, ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮಂಡಿನೋವಿಗಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳೊಡನೆ ಪ್ರತಿದಿನ ಸಂಜೆ ಅವರದೊಂದು ಆಟ ನಡೆಯುತ್ತಿತ್ತು. ಶಾಲೆಯ ಇಂಗ್ಲಿಷ್ ಪುಸ್ತಕದಿಂದ ಒಂದು ಪದವನ್ನು ಆರಿಸಿ, ಅದರ ಅಕ್ಷರಗಳಿಂದಲೇ ಬೇರೆ ಎಷ್ಟು ಪದಗಳು ಹುಟ್ಟುತ್ತವೆಂದು ಇಬ್ಬರೂ ಹುಡುಕುವುದು. "ಮುತ್ಯಾ, ಇದರಾಗ ಇನ್ನೊಂದು ಅದ, ಹೇಳು" ಎಂದು ಆಕೆ ಕೆಣಕುವಳು. ಸೋತವರು ಗೆದ್ದವರಿಗೆ ಶೇಂಗಾ ಸುಲಿದು ಕೊಡುವುದು ಪಣ. ಈ ಆಟದ ಆರೋಗ್ಯಸಂಬಂಧವಾದ ಲಾಭವೇನು, ಮಿತಿಯೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ. ಆ ಹಿರಿಯರಿಗೆ ಮುಂದೆ ಏನಾಯಿತೆಂಬುದನ್ನೂ ಹೇಳುವುದಿದೆ.

ಮೊದಲು ಆಟದ ಕ್ರಮವನ್ನು ನೋಡೋಣ. ಹೃದಯಕ್ಕೆ ಇಂಗ್ಲಿಷಿನಲ್ಲಿ 'ಹಾರ್ಟ್' ಎನ್ನುತ್ತೇವೆ. ಎಚ್, ಇ, ಎ, ಆರ್, ಟಿ ಎಂಬ ಐದು ಅಕ್ಷರಗಳು. ಇವನ್ನು ಸಾಲಾಗಿ ಜೋಡಿಸುವ ವಿಧಗಳು 120. ಎಲ್ಲವನ್ನೂ ಬರೆದು ನೋಡುತ್ತ ಹೋದರೆ ಬೇಸರವೇ ಫಲ. ಆದುದರಿಂದ ಜಾಣರು ಮೊದಲು ಅಕ್ಷರಗಳ ಗುಂಪುಗಳನ್ನು ಮಾಡಿಕೊಳ್ಳುತ್ತಾರೆ. ಐದೂ ಸೇರಿದರೆ ಹೃದಯದೊಳಗೆ 'ಅರ್ತ್', ಅಂದರೆ ಭೂಮಿ ದೊರೆಯುತ್ತದೆ. ಅನಂತರ ಒಂದೊಂದೇ ಅಕ್ಷರವನ್ನು ಬಿಡುತ್ತ ಬರಬೇಕು. ಎಚ್ ಬಿಟ್ಟರೆ 'ರೇಟ್' (ದರ), 'ಟಿಯರ್' (ಕಣ್ಣೀರು). ಟಿ ಬಿಟ್ಟರೆ 'ಹಿಯರ್' (ಕೇಳು), 'ಹೇರ್' (ಮೊಲ). ಆರ್ ಬಿಟ್ಟರೆ 'ಹೀಟ್' (ಶಾಖ), 'ಹೇಟ್' (ದ್ವೇಷ). ಇ ಬಿಟ್ಟರೆ ಗಂಡು ಜಿಂಕೆಗೆ ಹೇಳುವ 'ಹಾರ್ಟ್'. ಉಚ್ಚಾರ ಹೃದಯದ್ದೇ, ಬರವಣಿಗೆ ಬೇರೆ. ಎ ಬಿಟ್ಟರೆ ಬಳಕೆಯ ಪದವೊಂದೂ ಸಿಗದು. ಮೂರಕ್ಷರಕ್ಕೆ ಇಳಿದರೆ 'ಇಯರ್' (ಕಿವಿ), 'ಈಟ್' (ಉಣ್ಣು), 'ಟೀ' (ಚಹಾ), 'ಆರ್ಟ್' (ಕಲೆ) ಮುಂತಾದವು ಸಾಲುಗಟ್ಟುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಹಾರ್ಟ್, ಹಿಯರ್, ಹೀಟ್ ಈ ಮೂರರಲ್ಲಿಯೂ ಇ ಮತ್ತು ಎ ಜೊತೆಯಾಗಿಯೇ ನಿಂತಿವೆ. ಆದರೆ ಧ್ವನಿ ಮೂರು ಬಗೆ. ಬರೆದಂತೆ ಓದುವ ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ಇಲ್ಲಿಯೇ. ಅದು ದಡ್ಡತನವಲ್ಲ, ಆ ಭಾಷೆಯಲ್ಲಿ ಕಿವಿಯಷ್ಟೇ ಕಣ್ಣೂ ಕಲಿಯಬೇಕಾಗುತ್ತದೆ. ಕಣ್ಣಿಗೆ ಆ ಅಭ್ಯಾಸವನ್ನು ಈ ಆಟ ಭಯವಿಲ್ಲದೆ ಕಲಿಸುತ್ತದೆ.

ಗುಂಪುಗಳು ಒಟ್ಟು ಎಷ್ಟು? ಇದಕ್ಕೆ ಉತ್ತರ ನಮ್ಮ ನೆಲದ ಗಣಿತದಲ್ಲಿಯೇ ಇದೆ. ಆದಿತ್ಯನಗರದ ನೆರೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಕ್ರಿ.ಶ. 850ರ ಸುಮಾರಿನ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಸ್ತುತಿಸಿದ್ದಾನೆ. ವಸ್ತುಗಳನ್ನು ಆಯ್ದು ಕೂಡಿಸುವ ವಿಧಗಳನ್ನು ಎಣಿಸಲು ಅವನು ಕೊಟ್ಟ ನಿಯಮ ಸರಳವಾದುದು. ಒಂದರಿಂದ ಐದರವರೆಗಿನ ಅಂಕಿಗಳನ್ನು ಮೇಲೊಂದು ಸಾಲಿನಲ್ಲಿ ಕ್ರಮವಾಗಿ, ಕೆಳಗೊಂದು ಸಾಲಿನಲ್ಲಿ ಹಿಂದುಮುಂದಾಗಿ ಬರೆಯಬೇಕು. ಬಲಗಡೆಯಿಂದ ಮೇಲಿನವನ್ನು ಗುಣಿಸುತ್ತ, ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸುತ್ತ ಬರಬೇಕು. ಐದನ್ನು ಒಂದರಿಂದ ಭಾಗಿಸಿದರೆ 5. ಐದು ನಾಲ್ಕಲ ಇಪ್ಪತ್ತನ್ನು ಎರಡರಿಂದ ಭಾಗಿಸಿದರೆ 10. ಹೀಗೆಯೇ ಮುಂದೆ 10, 5, 1. ಒಟ್ಟು 31 ಗುಂಪುಗಳು. 120 ಜೋಡಣೆಗಳ ಕಾಡಿಗೆ ಇದೊಂದು ಕಾಲುದಾರಿ.

ಮಹಾವೀರಾಚಾರ್ಯನು ಈ ನಿಯಮಕ್ಕೆ ಕೊಟ್ಟ ಲೆಕ್ಕಗಳಲ್ಲೊಂದು ವೈದ್ಯರಾದ ನಮಗೆ ಪರಮ ಆಪ್ತವಾದುದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದೆಂದು ಆತ ಕೇಳುತ್ತಾನೆ. ಚರಕ, ಸುಶ್ರುತ ಸಂಹಿತೆಗಳು ಅದಕ್ಕೂ ಮೊದಲೇ ಈ ರಸಭೇದಗಳನ್ನು ಎಣಿಸಿವೆ. ಒಂಟಿಯಾಗಿ 6, ಎರಡೆರಡು ಕೂಡಿ 15, ಮೂರು ಕೂಡಿ 20, ನಾಲ್ಕು ಕೂಡಿ 15, ಐದು ಕೂಡಿ 6, ಆರೂ ಕೂಡಿ 1, ಒಟ್ಟು 63. ರೋಗಿಗೆ ತಕ್ಕ ರಸವನ್ನು ವೈದ್ಯನು ಆಯ್ದುಕೊಳ್ಳುವ ರೀತಿಗೂ ಮಗುವು ಅಕ್ಷರಗಳಲ್ಲಿ ಪದವನ್ನು ಹುಡುಕುವ ರೀತಿಗೂ ತತ್ತ್ವ ಒಂದೇ: ಕ್ರಮವಾಗಿ ಕೂಡಿಸು, ಒಂದೊಂದನ್ನೂ ಪರೀಕ್ಷಿಸು, ಒಲ್ಲದ್ದನ್ನು ಬಿಡು.

ಇನ್ನು ಸ್ಮೃತಿಯ ವಿಚಾರ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸ್ಮೃತಿಗೆ ಎಂಟು ಕಾರಣಗಳನ್ನು ಹೇಳಿದೆ. ಅವುಗಳಲ್ಲಿ ರೂಪವನ್ನು ಗ್ರಹಿಸುವುದು, ಸಾದೃಶ್ಯ, ವೈಪರೀತ್ಯ, ಮನಸ್ಸನ್ನು ನಿಲ್ಲಿಸುವುದು, ಅಭ್ಯಾಸ, ಪುನಃ ಕೇಳುವುದು ಇವು ಸೇರಿವೆ. ಅಕ್ಷರದ ಆಟದಲ್ಲಿ ಇವೆಲ್ಲವೂ ಕೆಲಸ ಮಾಡುತ್ತವೆ. ಹಾಗೆಂದು ಈ ಆಟವು ಮರೆವಿನ ರೋಗವನ್ನು ತಡೆಯುತ್ತದೆಂದು ನಾವು ಹೇಳಲಾರೆವು. ಅಮೆರಿಕದಲ್ಲಿ 65 ವರ್ಷ ಮೀರಿದ 2,802 ಹಿರಿಯರಲ್ಲಿ ಬುದ್ಧಿಯ ವ್ಯಾಯಾಮಗಳ ಕುರಿತು ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಯಾವ ಸಾಮರ್ಥ್ಯವನ್ನು ಅಭ್ಯಾಸ ಮಾಡಿದರೋ ಅದು ಬೆಳೆಯಿತು; ಉಳಿದ ಸಾಮರ್ಥ್ಯಗಳಿಗೆ ಅದು ಹಬ್ಬಲಿಲ್ಲ. ಪದ ಹುಡುಕುವವನು ಪದ ಹುಡುಕುವುದರಲ್ಲಿ ಚುರುಕಾಗುತ್ತಾನೆ. ಕೀಲಿಕೈ ಎಲ್ಲಿಟ್ಟೆನೆಂಬುದು ಅದರಿಂದಲೇ ನೆನಪಾಗದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡುವುದು, ನಡಿಗೆ, ನಿದ್ರೆ, ಕಿವಿ ಮಂದವಾಗಿದ್ದರೆ ಅದಕ್ಕೆ ಉಪಚಾರ, ತಂಬಾಕಿನ ತ್ಯಾಗ ಇವೇ ಮೆದುಳಿಗೆ ಮುಖ್ಯ ರಕ್ಷಣೆ.

ಮಂಡೂಕಪರ್ಣಿ, ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಇವು ಚರಕನು ಹೇಳಿದ ಮೇಧ್ಯರಸಾಯನಗಳು. ಇವನ್ನೂ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಜೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುವುದುಂಟು.

ಹಾಗಾದರೆ ಆಟದ ನಿಜವಾದ ಪ್ರಯೋಜನವೇನು? ಆ ಹಿರಿಯರ ಕಥೆಗೆ ಬರೋಣ. ಒಂದು ಬೇಸಿಗೆಯ ಸಂಜೆ ಅವರು ಎಂದಿನಂತೆ ಆಟಕ್ಕೆ ಕುಳಿತರು. ಮೊಮ್ಮಗಳು ಬರೆದ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಅಕ್ಷರ ಕಾಣಸ್ತಾವ, ಪದ ಬರವಲ್ಲದು" ಎಂದರು. ಆ ಮಾತೂ ತೊದಲಿತ್ತು. "ಮುತ್ಯಾಗ ಏನೋ ಆಗ್ಯಾದ" ಎಂದು ಹುಡುಗಿ ಒಳಗೆ ಹೋಗಿ ಹೇಳಿದಳು. ಬಿಸಿಲಿನ ದಣಿವೆಂದು ಮನೆಯವರು ಮಜ್ಜಿಗೆ ಕುಡಿಸಿ ಮಲಗಿಸಿದರು. ಮರುದಿನ ಬೆಳಿಗ್ಗೆ ಬುದ್ಧಿ ಚುರುಕಾಗುವ ಔಷಧಿ ಬೇಕೆಂದು ನಮ್ಮಲ್ಲಿಗೆ ಕರೆತಂದಾಗ ಬಾಯಿ ಒಂದು ಬದಿಗೆ ವಾಲಿತ್ತು, ಬಲಗೈ ಸೋತಿತ್ತು. ಅದು ಪಕ್ಷಾಘಾತ. ನಾವು ಯಾವ ಔಷಧಿಯನ್ನೂ ಕೊಡದೆ ಕೂಡಲೇ ಕಲಬುರಗಿಯ ಆಸ್ಪತ್ರೆಗೆ ಕಳುಹಿಸಿದೆವು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ರಾತ್ರಿಯೇ ಕಳೆದುಹೋಗಿತ್ತು.

ಅವರ ರೋಗವನ್ನು ಮೊದಲು ಕಂಡವಳು ಆ ಮಗು. ದಿನವೂ ಜೊತೆಗೆ ಆಡುತ್ತಿದ್ದುದರಿಂದ ಮುತ್ಯಾನ ಬುದ್ಧಿಯ ನಡೆ ಆಕೆಗೆ ಗೊತ್ತಿತ್ತು. ಅದು ತಪ್ಪಿದ ಕ್ಷಣವೂ ಗೊತ್ತಾಯಿತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮೊಬೈಲ್ ಹಿಡಿದು ಕುಳಿತಿದ್ದರೆ ಅದೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಆಟವನ್ನು ಒಬ್ಬರೇ ಆಡಬೇಡಿರಿ, ಮಕ್ಕಳೊಡನೆ ಆಡಿರಿ, ಕನ್ನಡದಲ್ಲಾಗಲಿ, ಇಂಗ್ಲಿಷಿನಲ್ಲಾಗಲಿ. ಪದಗಳು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತ ಬಂದರೆ ವೈದ್ಯರಿಗೆ ತೋರಿಸಿರಿ. ಒಮ್ಮೆಲೇ ಪದ ತಪ್ಪಿದರೆ, ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ಮಜ್ಜಿಗೆ ಬೇಡ, ಕಷಾಯ ಬೇಡ, ಬೆಳಗಾಗಲೆಂಬ ಮಾತೂ ಬೇಡ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಮಗು ಬಂದು ಹೇಳಿದರೂ ನಂಬಿರಿ.

ಆ ಹಿರಿಯರು ವಾಕ್ ಚಿಕಿತ್ಸೆ ಪಡೆದು ಈಗ ತಕ್ಕಮಟ್ಟಿಗೆ ಮಾತನಾಡುತ್ತಾರೆ. ಮೂರಕ್ಷರದ ಪದಗಳು ಸಿಗುತ್ತವೆ, ಐದಕ್ಷರದವು ಇನ್ನೂ ದೂರ. ಶೇಂಗಾ ಸುಲಿಯುವ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುತ್ತದೆ. ಸೋತ ಬಲಗೈಗೆ ಅದೇ ಒಳ್ಳೆಯ ವ್ಯಾಯಾಮವೆಂದು ನಾವೂ ಸುಮ್ಮನಿದ್ದೇವೆ.