ಕೀಲಿಮಣೆಗೆ ಕನ್ನಡ ಕಲಿಸಿದ ಕಿನ್ನಿಕಂಬಳದ ರಾಯರು

“ಚಿತ್ರ ಗಿತ್ರ ಅಂತ ಕೂತ್ರೆ ಹೊಟ್ಟೆ ತುಂಬುತ್ತೇನೋ? ಸುಮ್ನೆ ಸೈನ್ಸ್ ತಗೋ!”

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಎಷ್ಟು ಮನೆಗಳಲ್ಲಿ ಈ ಮಾತು ಕೇಳುವುದಿಲ್ಲ? ಕಲೆ ಒಂದು ದಡ, ಯಂತ್ರ ಇನ್ನೊಂದು ದಡ, ನಡುವೆ ದೋಣಿ ಇಲ್ಲ ಎಂಬುದು ಹಿರಿಯರ ಲೆಕ್ಕ. ಆದರೆ ಮದುವೆ ಕಾಗದದಲ್ಲಿ, ಅಂಗಡಿ ಬೋರ್ಡಿನಲ್ಲಿ, ಬಸ್ಸಿನಲ್ಲಿ ಪಕ್ಕದವರು ತಿಕ್ಕುತ್ತಿರುವ ಮೊಬೈಲಿನಲ್ಲಿ ಇಂದು ಕನ್ನಡ ಮೂಡುತ್ತಿರುವುದು ಎರಡೂ ದಡ ಮುಟ್ಟಿದ ಕೆಲವರ ದುಡಿಮೆಯಿಂದ.

ಅವರಲ್ಲಿ ಕೆ.ಪಿ. ರಾವ್ ಹೆಸರು ಮೊದಲು ಹೇಳಬೇಕು. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ರಾಯರು ಓದಿದ್ದು ರಸಾಯನಶಾಸ್ತ್ರ. ಕೆಲಸ ಹುಡುಕಿ ಮುಂಬಯಿಗೆ ಹೋದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಐರಾವತಂ ಮಹಾದೇವನ್ ಅವರೊಡನೆ ಸಿಂಧೂ ಲಿಪಿಯ ಕೆಲಸಕ್ಕೂ ಕೈಹಾಕಿದರು. ಆಮೇಲೆ ಮುದ್ರಣದ ಲೋಕ. ರಸಾಯನಕ್ಕೂ ಲಿಪಿಗೂ ಎತ್ತಣ ನಂಟು ಅಂತ ಕೇಳುವವರು ಕೇಳಲಿ!

ಆಗಿನ ತೊಡಕು ಏನೆಂದರೆ ಕನ್ನಡದ ಗುಣಿತ, ಒತ್ತಕ್ಷರಗಳದ್ದು. ಅಚ್ಚುಕೂಟದಲ್ಲಿ ನೂರಾರು ಬಗೆಯ ಮೊಳೆ. ಒಂದೊಂದಕ್ಕೂ ಬೇರೆ ಖಾನೆ. ಕಂಪ್ಯೂಟರಿನ ಕೀಲಿಮಣೆಯಲ್ಲೋ ಇರುವುದು ಇಂಗ್ಲಿಷಿನ 26 ಅಕ್ಷರ. ಇಷ್ಟರಲ್ಲಿ ಅಷ್ಟನ್ನು ತುಂಬುವುದು ಹೇಗೆ?

ರಾಯರು ಆಕಾರ ಬಿಟ್ಟು ಉಚ್ಚಾರ ಹಿಡಿದರು. ಬೆರಳು ಧ್ವನಿ ಹೇಳಲಿ, ಆಕಾರ ಕಟ್ಟುವ ತಲೆನೋವು ಯಂತ್ರಕ್ಕಿರಲಿ! ‘ಸ್ತ್ರೀ’ ಬರೆಯಬೇಕೆ? ಸ, ಕೊಂಡಿ, ತ, ಕೊಂಡಿ, ರ, ದೀರ್ಘ. ಆರು ಕೀಲಿಗೆ ಕೆಲಸ ಮುಗಿಯಿತು. ‘ಕ’ ಒತ್ತುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ‘ಖ’. ವ್ಯಾಕರಣ ಗೊತ್ತಿದ್ದವರಿಗಷ್ಟೇ ಹೊಳೆಯುವ ಉಪಾಯ ಇದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ಮಾಡಿದರು, ಪುಕ್ಕಟೆ ಹಂಚಿದರು. ಮುಂದೆ ಸರ್ಕಾರ ಒಪ್ಪಿದ್ದು ಇದೇ ವಿನ್ಯಾಸ, ‘ನುಡಿ’ಯಲ್ಲಿ ಇರುವುದೂ ಇದೇ. ಯಂತ್ರಕ್ಕೆ ಇಷ್ಟು ಅಂತ ರಾಯರು ದರ ಕಟ್ಟಿದ್ದರೆ ಡಿಟಿಪಿ ಅಂಗಡಿಯವರ ಗತಿ?

ಕೀಲಿಯ ಕಥೆ ಇದಾಯಿತು. ಇನ್ನು ಅಕ್ಷರದ ರೂಪ. ಮುಂಬಯಿಯ ಆರ್.ಕೆ. ಜೋಶಿ ಇನ್ನೊಂದು ದಡದಿಂದ ಬಂದವರು. ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಜಾಹೀರಾತು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು, ಐಐಟಿಯಲ್ಲಿ ವಿನ್ಯಾಸದ ಮೇಷ್ಟರಾದರು. ಕುಂಚ ಹಿಡಿದು ಪಳಗಿದ ಕೈ ಕಂಪ್ಯೂಟರಿಗೂ ಹೆದರಲಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಕನ್ನಡ ತೋರಿಸಿದ ‘ತುಂಗಾ’ ಅಕ್ಷರ ತಯಾರಾದದ್ದು ಅವರ ಮುಂದಾಳುತನದಲ್ಲಿ. ನಮ್ಮ ನದಿಯ ಹೆಸರೇ! 2008ರಲ್ಲಿ ಜೋಶಿ ತೀರಿಕೊಂಡರು.

ಇಷ್ಟಾದರೂ ಪೇಟೆಯಲ್ಲಿ ಗೋಳು ತಪ್ಪಿಲ್ಲ. ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದ ಆಮಂತ್ರಣವನ್ನು ಇನ್ನೊಂದು ಕಡೆ ತೆರೆದರೆ ಇಲಿ ಕಡಿದಂತೆ ಕಾಣುವುದುಂಟು. ಹಳೇ ಫಾಂಟುಗಳು ಒಂದೊಂದೂ ತಮ್ಮದೇ ಗುಪ್ತಸಂಖ್ಯೆ ಇಟ್ಟುಕೊಂಡಿದ್ದವು. ಕನ್ನಡದ ಒಂದೊಂದು ಚಿಹ್ನೆಗೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ ಬಂದು ಮೂವತ್ತು ವರ್ಷ ದಾಟಿತು; ಹಳೇ ಫಾಂಟು ಬಿಡದವರು ಇನ್ನೂ ಇದ್ದಾರೆ. “ನಮ್ ಡಿಸೈನ್‌ಗೆ ಅದೇ ಚೆಂದ ಸಾರ್” ಅಂತಾರೆ. ಅದೂ ಪೂರಾ ಸುಳ್ಳಲ್ಲ. ಇಂಗ್ಲಿಷಿಗೆ ಇರುವಷ್ಟು ಬಗೆ ಅಕ್ಷರ ಕನ್ನಡಕ್ಕೆಲ್ಲಿ?

ಫ್ಲೆಕ್ಸ್ ಬಂದು ಬೋರ್ಡ್ ಬರೆಯುವ ಪೇಂಟರುಗಳ ಕುಂಚ ಕಸಿಯಿತು. ಒತ್ತಕ್ಷರ ತಗಡಿನ ಅಂಚಿಗೆ ತಾಗದಂತೆ ಎಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಅವರ ಕಣ್ಣಿಗೆ ಗೊತ್ತು. ಆ ಕೈಬರಹವನ್ನೇ ಫಾಂಟು ಮಾಡಲು ಚಿತ್ರವೂ ಬೇಕು, ಯಾವ ಒತ್ತು ಯಾವುದರ ಕೆಳಗೆ ಕೂರಬೇಕೆಂದು ಯಂತ್ರಕ್ಕೆ ಬರೆದುಕೊಡುವ ಲೆಕ್ಕವೂ ಬೇಕು. ಅದಕ್ಕೆ ಬೇಕಾದ ‘ಫಾಂಟ್‌ಫೋರ್ಜ್’ ತಂತ್ರಾಂಶಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ.